ರೆಸ್ಯೂಮೆ ತಿದ್ದಲು ಎಐ: ಹೆಬ್ಬಾಳದ ಗೇಟಿಗೆ ಹೋಗುವ ಮುನ್ನ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಪಕ್ಕದ ನಂಜನಗೂಡಿನ ಕಾರ್ಖಾನೆಗಳಿಗೆ ಅರ್ಜಿ ಹಾಕುವ ಡಿಪ್ಲೊಮಾ, ಬಿಇ ಮಕ್ಕಳು ರೆಸ್ಯೂಮೆಯನ್ನು ಈಗ ಚಾಟ್‌ಜಿಪಿಟಿಗೋ ಜೆಮಿನಿಗೋ ತೋರಿಸಿ ತಿದ್ದಿಸಿಕೊಳ್ಳುತ್ತಿದ್ದಾರೆ. ಈ ಕೆಲಸಕ್ಕೆ ಉಚಿತ ಆವೃತ್ತಿಯೇ ಸಾಕು, ದುಡ್ಡು ಕಟ್ಟಬೇಕಿಲ್ಲ. ಕನ್ನಡದಲ್ಲಿ ಕೇಳಿದರೂ ಉತ್ತರ ಕೊಡುತ್ತವೆ. ಆದರೆ ಹೆಚ್ಚಿನವರು ಕೊಡುವ ಆದೇಶ ಒಂದೇ: ‘ಚೆನ್ನಾಗಿ ಬರೆದುಕೊಡು’. ಎಐ ಅತ್ಯಂತ ಕೆಟ್ಟದಾಗಿ ಮಾಡುವ ಕೆಲಸ ಅದೇ. ಅದರಿಂದ ಪ್ರಶ್ನೆ ಕೇಳಿಸಿಕೊಂಡರೆ ಮಾತ್ರ ಪ್ರಯೋಜನ.

ಎಐ ಹತ್ತಿರ ಹೋಗುವ ಮೊದಲೇ ಒಂದು ಪರೀಕ್ಷೆ ಇದೆ. ಪಿಡಿಎಫ್ ತೆರೆದು ಪೂರ್ತಿ ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಕಂಪನಿಗಳು ಅರ್ಜಿ ಸೋಸಲು ಬಳಸುವ ಸಾಫ್ಟ್‌ವೇರಿಗೂ ಹೆಚ್ಚುಕಡಿಮೆ ಅಷ್ಟೇ ಕಾಣುವುದು. ಎರಡು ಕಾಲಮ್ಮಿನ ವಿನ್ಯಾಸವಾಗಿದ್ದರೆ ಎಡಗಡೆಯ ‘ಆಟೋಕ್ಯಾಡ್’ ಬಲಗಡೆಯ ಕಾಲೇಜಿನ ಹೆಸರಿನೊಳಗೆ ಸೇರಿಕೊಂಡಿರಬಹುದು. ಹೆಡರಿನಲ್ಲಿ ಹಾಕಿದ ಫೋನ್ ನಂಬರ್ ಕೆಲವೊಮ್ಮೆ ಬರುವುದೇ ಇಲ್ಲ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪ್ರತಿಯಾದರೆ ಒಂದಕ್ಷರವೂ ಬಾರದೆ ಹೋಗಬಹುದು. ಕನ್ನಡ ಮಾಧ್ಯಮದ ಶಾಲೆಗೋ ಸಂಸ್ಥೆಗೋ ಕೊಡುವ ಬಯೋಡೇಟಾವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರಂತೂ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದುರುತ್ತವೆ. ಇದನ್ನು ಎಐ ಕಂಡುಹಿಡಿಯುತ್ತದೆ ಎಂದು ನಂಬಬೇಡಿ. ಅದು ಪುಟವನ್ನು ಚಿತ್ರವಾಗಿಯೂ ಓದಬಲ್ಲದು, ಹಾಗಾಗಿ ಕೆಟ್ಟ ಫೈಲಿಗೂ ‘ಸ್ಪಷ್ಟವಾಗಿದೆ’ ಎಂದುಬಿಡಬಹುದು.

ಫೋನ್ ನಂಬರ್, ವಿಳಾಸ, ಹುಟ್ಟಿದ ದಿನಾಂಕ, ಆಧಾರ್ ಇವನ್ನೆಲ್ಲ ಅಳಿಸಿಯೇ ಪೇಸ್ಟ್ ಮಾಡಿ. ತಿದ್ದುವುದಕ್ಕೆ ಅವು ಬೇಕಾಗಿಯೇ ಇಲ್ಲ. ಚಾಟ್‌ಜಿಪಿಟಿಯಲ್ಲಿ ಹಿಸ್ಟರಿಯಲ್ಲಿ ಉಳಿಯದ ಟೆಂಪರರಿ ಚಾಟ್ ಇದೆ, ಅದನ್ನೇ ಬಳಸಿ.

ಇನ್ನು ಆದೇಶ. ರೆಸ್ಯೂಮೆಯ ಜೊತೆಗೆ ಉದ್ಯೋಗದ ಜಾಹೀರಾತನ್ನೂ ಪೂರ್ತಿ ಹಾಕಿ, ಹೀಗೆ ಬರೆಯಿರಿ: ‘ಏನನ್ನೂ ತಿದ್ದಬೇಡ. ಈ ಕೆಲಸಕ್ಕೆ ಆಳು ಆರಿಸುವವರು ಇದನ್ನು ಓದಿದರೆ ಯಾವ ಸಾಲಿನಲ್ಲಿ ಅನುಮಾನ ಬರುತ್ತದೆ? ಆ ಸಾಲನ್ನು ಹಾಗೇ ಎತ್ತಿ ಬರೆದು, ನನಗೆ ಕನ್ನಡದಲ್ಲಿ ಒಂದೊಂದಾಗಿ 10 ಪ್ರಶ್ನೆ ಕೇಳು.’ ‘ಒಂದೊಂದಾಗಿ’ ಎಂಬ ಮಾತು ಮುಖ್ಯ. ಇಲ್ಲದಿದ್ದರೆ ಹತ್ತನ್ನೂ ಒಟ್ಟಿಗೆ ಸುರಿಯುತ್ತದೆ, ನೀವು ಎರಡಕ್ಕೆ ಉತ್ತರಿಸಿ ಸುಮ್ಮನಾಗುತ್ತೀರಿ.

ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದ ಫಿಟ್ಟರ್ ಒಬ್ಬರ ರೆಸ್ಯೂಮೆ ಎಂದಿಟ್ಟುಕೊಳ್ಳಿ. ಸಾಲು ಇಷ್ಟೇ: ‘ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ’. ‘ಚೆನ್ನಾಗಿ ಬರೆ’ ಎಂದರೆ ಎಐ ‘ಸ್ಪಿಯರ್‌ಹೆಡೆಡ್’ (ಮುಂದಾಳತ್ವ ವಹಿಸಿದೆ) ಎಂಬ ಭಾರಿ ಕ್ರಿಯಾಪದ ತಂದು, ‘ಡೌನ್‌ಟೈಮ್ (ಯಂತ್ರ ಕೆಟ್ಟು ನಿಲ್ಲುವ ಸಮಯ) 30% ಇಳಿಸಿದೆ’ ಎಂದು ಸೇರಿಸಬಹುದು. ಆ 30 ಎಲ್ಲಿಂದಲೂ ಬಂದದ್ದಲ್ಲ. ಇಂಥ ಜಾಗದಲ್ಲಿ ರೆಸ್ಯೂಮೆಗಳಲ್ಲಿ ಸಾಮಾನ್ಯವಾಗಿ ಒಂದು ಶೇಕಡಾವಾರು ಇರುತ್ತದೆ, ಅದಕ್ಕೇ ಅದೂ ಒಂದನ್ನು ಇಡುತ್ತದೆ. ಸಂದರ್ಶನದಲ್ಲಿ ‘ಹೇಗೆ ಅಳೆದಿರಿ?’ ಎಂಬ ಒಂದೇ ಪ್ರಶ್ನೆಗೆ ಮಾತು ನಿಲ್ಲುತ್ತದೆ. ಅದರ ಬದಲು ಎಐಗೇ ಪ್ರಶ್ನೆ ಕೇಳಲು ಬಿಟ್ಟರೆ ಎಷ್ಟು ತಿಂಗಳು, ಯಾವ ಯಂತ್ರ, ನಿಮ್ಮ ಕೈಯಾರೆ ಬಿಚ್ಚಿ ಕೂಡಿಸಿದ್ದು ಯಾವುದು, ದಾಖಲೆ ಯಾರು ಬರೆಯುತ್ತಿದ್ದರು ಎಂದೆಲ್ಲ ಕೇಳುತ್ತದೆ. ಉತ್ತರಗಳಿಂದ ಹುಟ್ಟುವ ಸಾಲು ಇದು: ‘ಒಂದು ಅರೆಯುವ ಹಂಗಾಮು, 5 ತಿಂಗಳು, ಪಂಪುಗಳ ಗ್ಲ್ಯಾಂಡ್ ಪ್ಯಾಕಿಂಗ್ ಬದಲಾವಣೆ, ಮಿಲ್ ಬೇರಿಂಗ್‌ಗಳ ಗ್ರೀಸಿಂಗ್, ಶಿಫ್ಟ್ ಲಾಗ್‌ಬುಕ್ ನಿರ್ವಹಣೆ.’ ಇದರ ಒಂದೊಂದು ಪದದ ಬಗ್ಗೆಯೂ ಆ ಹುಡುಗ ಹತ್ತು ನಿಮಿಷ ಮಾತಾಡಬಲ್ಲ.

ಪ್ರಶ್ನೆಗಳು ಮುಗಿದ ಮೇಲೆ ಸರಳ ಇಂಗ್ಲಿಷಿಗೆ ಹಾಕಿಸಿ. ಸಾಲಿಗೆ 20 ಪದ ಮೀರಬಾರದು, ನಾನು ಹೇಳದ ಸಂಗತಿ ಸೇರಿಸಬಾರದು ಎಂದು ಎರಡು ಷರತ್ತು ಹಾಕಿ. ಆಮೇಲೂ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅಂಕಿ, ಇಸವಿ, ಹೆಸರುಗಳನ್ನು ನೀವೇ ತಾಳೆ ನೋಡಬೇಕು.

ನಮ್ಮ ಕಡೆಯ ರೆಸ್ಯೂಮೆಗಳಲ್ಲಿ ಎಐ ಎಡವುವ ಜಾಗಗಳು ಹೆಚ್ಚುಕಡಿಮೆ ಇವೇ. ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ, ಇಲ್ಲವೇ ‘ಸರ್‌ನೇಮ್ ಎಲ್ಲಿ?’ ಎನ್ನುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಹೆಸರು ಇರಲಿ, ದಾಖಲೆ ಪರಿಶೀಲನೆಯಲ್ಲಿ ನೋಡುವುದು ಅದನ್ನೇ. ಸಿಜಿಪಿಎಯನ್ನು ಶೇಕಡಾಕ್ಕೆ ಬದಲಿಸುವಾಗ ಸಿಬಿಎಸ್‌ಇ ಹಿಂದೆ ಬಳಸುತ್ತಿದ್ದ 9.5ರ ಗುಣಕ ಹಾಕಿಬಿಡಬಹುದು. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. 8.2 ಇದ್ದವರಿಗೆ ಸರಿಯಾದದ್ದು 74.5, ಎಐ ಲೆಕ್ಕದಲ್ಲಿ 77.9. ಈ ವ್ಯತ್ಯಾಸ ಸುಳ್ಳು ಮಾಹಿತಿ ಅನ್ನಿಸಿಕೊಳ್ಳಬಹುದು, ಆದ್ದರಿಂದ ನಿಮ್ಮ ಸ್ಕೀಮಿನ ಸೂತ್ರವನ್ನು ನೀವೇ ಹಾಕಿ ಲೆಕ್ಕ ಮಾಡಿ. ಇತ್ತೀಚಿನ ಇಸವಿಯನ್ನು ‘ಇದು ಭವಿಷ್ಯದ ದಿನಾಂಕ’ ಎಂದು ತಪ್ಪು ಎತ್ತುವುದೂ ಉಂಟು, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ನೂರಕ್ಕೆ ಇಷ್ಟು ಎಂದು ಅದು ಕೊಡುವ ಅಂಕಕ್ಕೂ ಬೆಲೆಯಿಲ್ಲ. ಅದೇ ಫೈಲನ್ನು ಹೊಸ ಚಾಟ್‌ನಲ್ಲಿ ಹಾಕಿದರೆ ಅಂಕ ಬದಲಾಗಬಹುದು. ಯಾವ ಕಂಪನಿಯ ಸೋಸುವ ಸಾಫ್ಟ್‌ವೇರೂ ಅದರೊಳಗೆ ಇಲ್ಲ. ಹೊಸ ಚಾಟ್ ತೆರೆಯುವುದಾದರೆ ಬೇರೆ ಕೆಲಸಕ್ಕೆ ತೆರೆಯಿರಿ: ‘ಇವರನ್ನು ಬೇಡ ಎನ್ನಲು ಮೂರು ಕಾರಣ ಕೊಡು’ ಎಂದು ಕೇಳಿ. ಹಳೆಯ ಚಾಟ್ ತಾನೇ ತಿದ್ದಿಸಿದ್ದನ್ನು ಹೊಗಳುತ್ತಾ ಕೂರುತ್ತದೆ, ಹೊಸದಕ್ಕೆ ಆ ಮುಲಾಜಿಲ್ಲ.

ಕೊನೆಗೆ ವರ್ಡ್‌ಗೆ ಪೇಸ್ಟ್ ಮಾಡಿದಾಗ ಸಾಲುಗಳ ನಡುವೆ ನಕ್ಷತ್ರದ ಗುರುತುಗಳೂ, ಚೌಕ ಕಂಸದಲ್ಲಿ ‘ಇಲ್ಲಿ ಸಂಖ್ಯೆ ಹಾಕಿ’ ಎಂಬ ಖಾಲಿ ಜಾಗಗಳೂ ಉಳಿದಿರಬಹುದು. ಕಂಸದ ಗುರುತನ್ನು ಫೈಂಡ್‌ನಲ್ಲಿ ಹುಡುಕಿ ತೆಗೆಯಿರಿ. ವರ್ಡ್‌ನಿಂದಲೇ ನೇರವಾಗಿ ಪಿಡಿಎಫ್ ಉಳಿಸಿ, ನೋಟ್‌ಪ್ಯಾಡ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಅಳಿಸಿಟ್ಟಿದ್ದ ಫೋನ್ ನಂಬರನ್ನು ಹೆಡರಿನಲ್ಲಲ್ಲ, ಹೆಸರಿನ ಕೆಳಗೇ ವಾಪಸ್ ಬರೆಯುವುದನ್ನು ಮರೆಯಬೇಡಿ.