ಮಾಮೂಲಿ ಫಿಡಲ್ಲೋ, ಹಾರ್ಡಾಂಗರ್ ಫಿಡಲ್ಲೋ?

ನಾರ್ವೆಯ ಜನಪದ ಸಂಗೀತ ಕಲಿಯಬೇಕೆಂದರೆ ಮೊದಲ ಗೊಂದಲ ಇದೇ.

ಮಾಮೂಲಿ ಫಿಡಲ್ ಅಂದರೆ ನಮ್ಮ ಪಿಟೀಲೇ. ನಾಲ್ಕು ತಂತಿ. ಸುಲಭವಾಗಿ ಸಿಗುತ್ತದೆ, ಬೇರೆ ಸಂಗೀತಕ್ಕೂ ಆಗುತ್ತದೆ.

ಹಾರ್ಡಾಂಗರ್‌ನ ಗತ್ತೇ ಬೇರೆ. ನುಡಿಸುವ ನಾಲ್ಕು ತಂತಿಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿ. ಅವನ್ನು ಯಾರೂ ಮುಟ್ಟುವುದಿಲ್ಲ, ತಾವೇ ಮಿಡಿಯುತ್ತವೆ, ಸಾರಂಗಿಯಲ್ಲಿ ಇರುತ್ತಲ್ವಾ, ಹಾಗೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ (ಮರದ ತುಂಡು) ಪಿಟೀಲಿನದಕ್ಕಿಂತ ಚಪ್ಪಟೆ, ಹಾಗಾಗಿ ಎರಡು ತಂತಿ ಒಟ್ಟಿಗೆ ನುಡಿಸುವುದು ಸಲೀಸು. ಬೆರಳು ಓಡಾಡುವ ಪಟ್ಟಿಯ ಮೇಲೆ ಮುತ್ತಿನ ಚಿಪ್ಪಿನ ಕುಸುರಿ, ತುದಿಯಲ್ಲಿ ಹೆಚ್ಚಾಗಿ ಸಿಂಹದ ತಲೆ. ಹಳೆಯದೊಂದರಲ್ಲಿ 1651 ಎಂಬ ಇಸವಿ ಇದೆ. ಇದು ಸೈತಾನನ ವಾದ್ಯವೆಂದು ಧರ್ಮಭೀರುಗಳು ಸುಟ್ಟದ್ದೂ ಉಂಟು! ಆದರೆ ಶ್ರುತಿ ಮಾಡುವುದರಲ್ಲೇ ಸಮಯ ಜಾಸ್ತಿ ಹೋಗುತ್ತದೆ.

ಹೊಸಬರಾದರೆ ಪಿಟೀಲೇ ಸಾಕು. ಆ ಗುಂಯ್‌ಗುಡುವ ನಾದಕ್ಕೇ ಮನಸೋತಿದ್ದರೆ ಮಾತ್ರ ಹಾರ್ಡಾಂಗರ್.