ಶಿರಸಿಯ ಪ್ರಾಣಿ ಕ್ಲಿನಿಕ್ಕಿಗೆ ನಾಲ್ಕು ಸ್ಟಾರ್, ನಮ್ಮ ಕರಿಯನ ಲೆಕ್ಕದಲ್ಲಿ

ಐದನೇ ಸ್ಟಾರ್ ಯಾಕಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಾಯುವ ಜಾಗ ಒಂದೇ. ಕೆಮ್ಮುವ ನಾಯಿ, ಲಸಿಕೆಗೆ ಬಂದ ಮರಿ, ಬುಟ್ಟಿಯಲ್ಲಿ ಕೂತ ಬೆಕ್ಕು, ಎಲ್ಲ ಅದೇ ಬೆಂಚಿನ ಹತ್ತಿರ. ನಮ್ಮ ನಾಯಿ ಕರಿಯನಿಗೆ ಬಂದಿದ್ದು ಡಿಸ್ಟೆಂಪರ್, ಕೆಮ್ಮು ಸೀನಿನಿಂದಲೇ ಹರಡುವ ವೈರಸ್ ರೋಗ. ಬಾಗಿಲಲ್ಲೇ ಅವನನ್ನು ನೋಡಿದ ಡಾಕ್ಟರಮ್ಮ "ನೀವು ಆಟೋದಲ್ಲೇ ಇರಿ, ನಾನೇ ಬರ್ತೇನೆ" ಅಂದು ಮಳೆಯಲ್ಲೇ ಹೊರಗೆ ಬಂದರು. ಅದು ಅವರ ಒಳ್ಳೆಯತನ. ಆದರೆ ಬೇರೆ ಕೋಣೆ ಬೇಕೇ ಬೇಕು.

ಕರಿಯ ಎಂಟು ತಿಂಗಳ ಊರ ನಾಯಿ. ನಮ್ಮದು ತೋಟದ ಮನೆ, ಮಂಗ ಓಡಿಸೋಕೆ ಅವನೇ ಆಧಾರ. ಜ್ವರ ಬಂತು, ಕಣ್ಣಲ್ಲಿ ಗೀಜು, ಮೂಗಲ್ಲಿ ದಪ್ಪ ಸಿಂಬಳ, ಆಮೇಲೆ ಭೇದಿ. ಮೊದಲು ತೋರಿಸಿದ ಕಡೆ ಥಂಡಿ ಅಂತ ಹೇಳಿ ಕಳಿಸಿದ್ದರು. ಇಲ್ಲಿ ಬಂದಾಗ ನಾನು "ಇಂಜೆಕ್ಷನ್ ಎಲ್ಲ ಆಗಿದೆ" ಅಂದೆ. "ಯಾವ ಇಂಜೆಕ್ಷನ್?" ಅಂತ ಕೇಳಿದರು. ಆಗಿದ್ದು ಹುಚ್ಚುನಾಯಿ ರೋಗದ್ದು ಮಾತ್ರ. ನಮ್ಮ ಕಡೆ ನಾಯಿಗೆ ಇಂಜೆಕ್ಷನ್ ಅಂದರೆ ಅದೊಂದೇ ಅಲ್ವಾ? ಡಿಸ್ಟೆಂಪರ್‌ಗೆ ಬೇರೆಯೇ ಲಸಿಕೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಂಗಾಲು ಒತ್ತಿ ನೋಡಿದರು, ಚರ್ಮ ದಪ್ಪ ಆಗಿತ್ತು. ಕಣ್ಣಿನ ನೀರು ತೆಗೆದು ಕಿಟ್‌ನಲ್ಲಿ ಹಾಕಿದರು, ಎರಡು ಗೆರೆ ಬಂತು, ಅಂದರೆ ಡಿಸ್ಟೆಂಪರ್ ಇದೆ ಅಂತ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ಡ್ರಿಪ್ ಹಾಕಿ, ಮೇಲಿಂದ ಬರುವ ಬೇರೆ ಸೋಂಕಿಗೆ ಆಂಟಿಬಯೋಟಿಕ್ ಕೊಟ್ಟು ಅವನ ಮೈಗೆ ಹೋರಾಡೋಕೆ ಸಮಯ ಮಾಡಿಕೊಡೋದು ಅಷ್ಟೇ, ಉಳೀತಾನೆ ಅಂತ ಮಾತು ಕೊಡಲ್ಲ ಅಂತ ನೇರವಾಗಿ ಹೇಳಿದರು. ಮನುಷ್ಯರ ದಡಾರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿಯಂತೆ. ದನಗಳ ದೊಡ್ಡರೋಗವೂ ಅದೇ ಗುಂಪಿನದು. ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ ಆಗುತ್ತಿತ್ತು ಅಂತ ನಮ್ಮ ಅಜ್ಜಿ ಹೇಳುತ್ತಿದ್ದ ರೋಗ ಅದು. ಲಸಿಕೆ ಹಾಕಿ ಹಾಕಿ 2011ರಲ್ಲಿ ಅದು ಭೂಮಿಯಿಂದಲೇ ಹೋಯಿತು ಅಂತ ಘೋಷಿಸಿದರು. ಆದರೆ ನಾಯಿಗಳ ಈ ರೋಗ ಇನ್ನೂ ಇದೆ.

ವಾರದಲ್ಲಿ ಜ್ವರ ಇಳಿಯಿತು, ಕರಿಯ ಅನ್ನ ತಿಂದ. ನಾನು ಖುಷಿಯಲ್ಲಿ ಫೋನ್ ಮಾಡಿದರೆ ಡಾಕ್ಟರಮ್ಮ ಖುಷಿ ಪಡಲಿಲ್ಲ. ಮೈಯಿಂದ ಹೋದ ಮೇಲೂ ಈ ವೈರಸ್ ಮಿದುಳಿನಲ್ಲಿ ಉಳಿದುಕೊಳ್ಳಬಹುದು, ಅಲ್ಲಿ ನರಗಳ ಮೇಲಿನ ಹೊದಿಕೆ, ವೈರಿನ ಮೇಲೆ ಪ್ಲಾಸ್ಟಿಕ್ ಇರುತ್ತಲ್ಲ ಹಾಗೆ ಇರೋದು, ಅದನ್ನು ಹಾಳು ಮಾಡುತ್ತದೆ, ಇದು ಕೆಲವು ವಾರ ಬಿಟ್ಟು ಕಾಣಿಸಬಹುದು, ತಿಂಗಳುಗಟ್ಟಲೆ ಬಿಟ್ಟೂ ಕಾಣಿಸಬಹುದು, ಕಣ್ಣಿಟ್ಟಿರಿ ಅಂದರು.

ಮೂರನೇ ವಾರ ರಾತ್ರಿ ಕರಿಯ ಏನೋ ಅಗಿಯುವ ಹಾಗೆ ದವಡೆ ಆಡಿಸತೊಡಗಿದ. ಬಾಯಲ್ಲಿ ನೊರೆ, ಆಮೇಲೆ ಬಿದ್ದು ಒದ್ದಾಡಿದ. ಅಕ್ಕಪಕ್ಕದವರು ಹುಚ್ಚು ಹಿಡಿದಿದೆ, ಹೊಡೆದು ಹಾಕಿ ಅಂದರು. ನನಗೆ ಕೈಕಾಲೇ ಆಡಲಿಲ್ಲ. ಡಾಕ್ಟರಮ್ಮ ಫೋನ್ ತೆಗೆದರು, ಬಾಯಿಯ ಹತ್ತಿರ ಕೈ ಒಯ್ಯಬೇಡಿ, ವಿಡಿಯೋ ಮಾಡಿ ಕಳಿಸಿ ಅಂದರು. ಹುಚ್ಚಿನ ಲಸಿಕೆ ಆಗಿದೆ ಅಂತ ಅವರೂ ಸುಮ್ನೆ ಬಿಡಲಿಲ್ಲ, ಹತ್ತು ದಿನ ಬೇರೆ ಕಟ್ಟಿ ನೋಡಲು ಹೇಳಿದರು. ಮರುದಿನದಿಂದ ಫಿಟ್ಸ್ ಮಾತ್ರೆ, ಹನ್ನೆರಡು ಗಂಟೆಗೆ ಒಂದು, ಹೇಳದೆ ನಿಲ್ಲಿಸೋ ಹಾಗಿಲ್ಲ.

ಈಗ ಐದು ತಿಂಗಳಾಯಿತು. ಎಡಗಾಲು ನಿದ್ದೆಯಲ್ಲೂ ತಟ್, ತಟ್ ಅಂತ ಎಳೆಯುತ್ತಲೇ ಇರುತ್ತದೆ, ಅದು ಹೋಗಲಿಕ್ಕಿಲ್ಲ ಅಂದಿದ್ದಾರೆ. ತಿನ್ನುತ್ತಾನೆ, ಮಂಗ ಕಂಡರೆ ಬೊಗಳುತ್ತಾನೆ, ಓಡುವಾಗ ಮುಗ್ಗರಿಸುತ್ತಾನೆ. ನನಗೆ ಅಷ್ಟು ಸಾಕು.

ಲಸಿಕೆ ಇಡುವ ಫ್ರಿಜ್ ಬಗ್ಗೆಯೂ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಇಲ್ಲಿ ಇನ್ವರ್ಟರ್ ಇದೆ, ಒಳಗೆ ಥರ್ಮಾಮೀಟರ್ ಇದೆ, ಕೇಳಿದರೆ ಬಾಗಿಲು ತೆಗೆದು ತೋರಿಸುತ್ತಾರೆ. ಬಿಲ್ಲಿನಲ್ಲಿ ಔಷಧಿಯದ್ದು ಬೇರೆ, ಡಾಕ್ಟರ ಫೀಸು ಬೇರೆ ಬರೆದಿರುತ್ತದೆ.

ಮರಿಗೆ ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವವರೆಗೆ. ತಾಯಿಯಿಂದ ಬಂದ ರಕ್ಷಣೆ ಮೊದಲ ಡೋಸುಗಳನ್ನು ಕೆಲಸ ಮಾಡಲು ಬಿಡದೇ ಇರಬಹುದು, ಅದಕ್ಕೇ ಒಂದು ಹಾಕಿಸಿ ಬಿಟ್ಟರೆ ಸಾಕಾಗಲ್ಲ. ತೋಟದ ಅಂಚಿಗೆ ಕಾಡು ಇರುವವರು ಇದನ್ನು ಇನ್ನೂ ಜಾಸ್ತಿ ಯೋಚಿಸಬೇಕು. ನರಿಗೂ ಕಾಡುನಾಯಿಗೂ ಇದೇ ರೋಗ ತಗಲುತ್ತದೆ. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತಾಗ ಅವುಗಳಲ್ಲಿ ಕೆಲವುಗಳಲ್ಲೂ ಈ ವೈರಸ್ ಸಿಕ್ಕಿತ್ತು.

ಮರಿ ಇದ್ದವರು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಆಗ ಬೆಂಚು ಖಾಲಿ ಇರುತ್ತದೆ. ನೆಲಕ್ಕೆ ಬಿಡಬೇಡಿ, ಮಡಿಲಲ್ಲೇ ಇಟ್ಟುಕೊಳ್ಳಿ.