ಸರ್ಕಾರಕ್ಕೆ ಹತ್ತು ಸಾವಿರ ಸಾಲ ಕೊಟ್ಟು ನೋಡಿದೆ: ಆರ್‌ಬಿಐ ರಿಟೇಲ್ ಡೈರೆಕ್ಟ್

ಕುಂದಾಪುರದ ಶಾಸ್ತ್ರಿ ಸರ್ಕಲ್ ಸುತ್ತಮುತ್ತ 26 ವರ್ಷದಿಂದ ಪಿಗ್ಮಿ ಕಲೆಕ್ಷನ್, ಅಂದರೆ ಅಂಗಡಿಯವರ ದಿನದಿನದ ಉಳಿತಾಯ ಎತ್ತುವ ಕೆಲಸ, ಮಾಡುತ್ತಿದ್ದೇನೆ. ದಿನಕ್ಕೆ ನೂರಿಪ್ಪತ್ತು ಅಂಗಡಿ. ಸೆಲೂನಿನವರು ಐವತ್ತು ಕೊಡುತ್ತಾರೆ, ಹಣ್ಣಿನಂಗಡಿಯವರು ಇನ್ನೂರು. ಒಳ್ಳೆಯ ದಿನವಾದರೆ ಸಂಜೆಗೆ ಇಪ್ಪತ್ತು ಸಾವಿರ ಆಗುತ್ತದೆ. ಬೇರೆಯವರ ದುಡ್ಡು ಎಣಿಸಿಯೇ ಬೆರಳು ಸವೆದಿದೆ. ಆದರೂ ಟಿವಿಯಲ್ಲಿ ದೇಶದ ಸಾಲ ಇಷ್ಟು ಲಕ್ಷ ಕೋಟಿ ಎಂದಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಸೊನ್ನೆ ಎಣಿಸುವಷ್ಟರಲ್ಲಿ ಜಾಹೀರಾತು ಬಂದಿರುತ್ತಿತ್ತು.

ಕೊನೆಗೆ ಅದು ಅರ್ಥವಾಗಿದ್ದು ಸರ್ಕಾರಕ್ಕೆ ನಾನೇ ಸಾಲ ಕೊಟ್ಟ ಮೇಲೆ.

ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ರಿಟೇಲ್ ಡೈರೆಕ್ಟ್ ಅಂತ ಒಂದು ಸೇವೆ ಶುರುಮಾಡಿದೆ. ನಮ್ಮಂಥವರು ದಲ್ಲಾಳಿ ಇಲ್ಲದೆ ಸರ್ಕಾರದ ಸಾಲಪತ್ರ (ಬಾಂಡ್) ಕೊಳ್ಳಬಹುದು. ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ, ಇಟ್ಟುಕೊಳ್ಳಲೂ ಕೊಡಬೇಕಿಲ್ಲ. ಪ್ಯಾನ್, ಗುರುತಿನ ದಾಖಲೆ, ಬ್ಯಾಂಕ್ ಖಾತೆ, ಮೊಬೈಲ್, ಇಮೇಲ್ ಇದ್ದರೆ ಸಾಕು. ನನಗೆ ಇಮೇಲ್ ಇರಲಿಲ್ಲ. ಮಗಳು ಮಾಡಿಕೊಟ್ಟಳು, ಪಾಸ್‌ವರ್ಡ್ ನಾನು ಎರಡು ಸಲ ಮರೆತೆ.

ಕನಿಷ್ಠ ಹತ್ತು ಸಾವಿರ ಹಾಕಬೇಕು. 2025ರ ಮಳೆಗಾಲದಲ್ಲಿ ಹರಾಜಿಗೆ ಬಂದ 6.33% ಬಡ್ಡಿಯ, 2035ಕ್ಕೆ ಮುಗಿಯುವ ಪತ್ರಕ್ಕೆ ನಾನು ಹತ್ತು ಸಾವಿರ ಹಾಕಿದೆ. ದರ ನಾವು ಹೇಳುವ ಹಾಗಿಲ್ಲ. ದೊಡ್ಡ ಬ್ಯಾಂಕುಗಳು, ವಿಮೆಯವರು ಹರಾಜು ಕೂಗುತ್ತಾರೆ, ಅಲ್ಲಿ ಬಿದ್ದ ದರಕ್ಕೆ ನಮಗೂ ಸಿಗುತ್ತದೆ. ಹತ್ತು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಕಡಿತವಾದಾಗ ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಆ ಪತ್ರ ಮೇ ತಿಂಗಳಲ್ಲೇ ಹುಟ್ಟಿದ್ದು. ಅಲ್ಲಿಂದ ನಾನು ಕೊಳ್ಳುವವರೆಗಿನ ಬಡ್ಡಿಯನ್ನು ಕೊಳ್ಳುವಾಗಲೇ ನಾನು ಕೊಡಬೇಕು, ಆಮೇಲೆ ಅದು ಪೂರ್ತಿ ಬಡ್ಡಿಯ ಜೊತೆ ವಾಪಸ್ ಬರುತ್ತದೆ. ನವೆಂಬರಿನಲ್ಲಿ ಆರು ತಿಂಗಳ ಪೂರ್ತಿ ಬಡ್ಡಿ 316 ರೂಪಾಯಿ 50 ಪೈಸೆ ಬಂತು. ಲೆಕ್ಕ ಸರಿ.

ಆ ಹರಾಜಿನ ನೋಟಿಸಿನಲ್ಲಿ ನನ್ನ ಪತ್ರದ ಮುಂದೆ 30,000 ಕೋಟಿ ಎಂದಿತ್ತು. ಒಂದು ದಿನದ, ಒಂದೇ ಪತ್ರದ ಹರಾಜು! ನನ್ನ ಹತ್ತು ಸಾವಿರದಿಂದ ಅದನ್ನು ಭಾಗಿಸಿದೆ. ಮೂರು ಕೋಟಿ ಬಂತು. ಅಂದರೆ ನನ್ನಂಥ ಮೂರು ಕೋಟಿ ಜನ ಸಾಲಾಗಿ ನಿಂತು ತಲಾ ಹತ್ತು ಸಾವಿರ ಕೊಟ್ಟರೆ ಆ ಒಂದು ಹರಾಜು ತುಂಬುತ್ತದೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕ ಇದ್ದದ್ದೇ ಆರು ಕೋಟಿ ಚಿಲ್ಲರೆ. ಇದನ್ನೇ ಪಿಗ್ಮಿ ಮಾಡಿ ಎತ್ತುತ್ತೇನೆ ಎಂದು ಹೊರಟರೆ, ದಿನಕ್ಕೆ ಇಪ್ಪತ್ತು ಸಾವಿರದಂತೆ, ಭಾನುವಾರವೂ ರಜೆ ಇಲ್ಲದೆ, 41 ಸಾವಿರ ವರ್ಷ ಬೇಕು. ನಮ್ಮ ಜಿಲ್ಲೆಯಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರುವಾಗಿ ಇನ್ನೂ ನೂರು ವರ್ಷ ಆಗಿಲ್ಲ, 1928ರಲ್ಲಿ.

ಅಲ್ಲಿಗೆ ನಿಲ್ಲಿಸಬೇಕಿತ್ತು. ರಾತ್ರಿ ನಿದ್ದೆ ಬಾರದೆ 2025-26ರ ಬಜೆಟ್ ಅಂದಾಜು ತೆಗೆದು ಕೂತೆ. ಆ ವರ್ಷ ಕೇಂದ್ರ ಸರ್ಕಾರ ಹೀಗೆ ಪತ್ರ ಮಾರಿ ಎತ್ತಬೇಕೆಂದಿದ್ದು 14.82 ಲಕ್ಷ ಕೋಟಿ. ಹತ್ತು ಸಾವಿರದಿಂದ ಭಾಗಿಸಿದರೆ 148 ಕೋಟಿ ಜನ. ಹೆಚ್ಚು ಕಡಿಮೆ ಇಡೀ ದೇಶ! ತೊಟ್ಟಿಲಲ್ಲಿರುವ ಕೂಸೂ ಸೇರಿ ಎಲ್ಲರೂ ನನ್ನ ಹಾಗೆ ಒಂದೊಂದು ಪತ್ರ ಕೊಳ್ಳಬೇಕು, ಅದೂ ಒಂದೇ ವರ್ಷಕ್ಕೆ. ಅದರಲ್ಲೂ ಮೂರು ಲಕ್ಷ ಕೋಟಿಗಿಂತ ಜಾಸ್ತಿ ಹಳೇ ಸಾಲ ತೀರಿಸುವುದಕ್ಕೇ ಹೋಗುತ್ತದೆ. ಆ ವರ್ಷದ ಕೊನೆಗೆ ಕೇಂದ್ರದ ಒಟ್ಟು ಸಾಲ ಸುಮಾರು 196 ಲಕ್ಷ ಕೋಟಿ ಆಗುತ್ತದೆ ಎಂದು ಅಂದಾಜಿತ್ತು. ನಮ್ಮ ಜೇಬು, ಗಲ್ಲಾಪೆಟ್ಟಿಗೆ, ಬ್ಯಾಂಕಿನ ತಿಜೋರಿಯಲ್ಲಿದ್ದ ನೋಟೆಲ್ಲ ಸೇರಿದರೂ 2025ರ ಮಾರ್ಚಿನಲ್ಲಿ ಇದ್ದದ್ದು ಸುಮಾರು 37 ಲಕ್ಷ ಕೋಟಿ ಅಷ್ಟೇ.

ಬಡ್ಡಿಯ ಲೆಕ್ಕವೇ ನನ್ನನ್ನು ಜಾಸ್ತಿ ಕಾಡಿದ್ದು. ಅದೇ ಬಜೆಟ್ಟಿನಲ್ಲಿ ಆ ವರ್ಷದ ಬಡ್ಡಿಗೆ ಇಟ್ಟದ್ದು 12.76 ಲಕ್ಷ ಕೋಟಿ, ಸರ್ಕಾರದ ಒಟ್ಟು ಖರ್ಚಿನಲ್ಲಿ ನಾಲ್ಕನೇ ಒಂದು ಪಾಲು. ಸೆಕೆಂಡಿಗೆ ನಾಲ್ಕು ಲಕ್ಷ. ನಾನು ಇಪ್ಪತ್ತು ದಿನ ಮಳೆ ಬಿಸಿಲೆನ್ನದೆ ಸ್ಕೂಟರ್ ಓಡಿಸಿ ತರುವ ದುಡ್ಡು, ಒಂದು ಸೆಕೆಂಡು. ಆ ಹೊಳೆಯಿಂದ ಒಂದು ಹನಿ, 316.50, ನನ್ನ ಖಾತೆಗೆ ಬಿತ್ತು ನೋಡಿ.

ಈ ಸಾಲದಲ್ಲಿ ಬಹುಪಾಲು ಹೊರದೇಶದ್ದಲ್ಲ. ನಮ್ಮ ಬ್ಯಾಂಕು, ವಿಮೆ, ಪಿಎಫ್ ದುಡ್ಡೇ ಅಲ್ಲಿ ಕೂತಿದೆ. ಹಾಗಾಗಿ ನಾವು ಸಾಲಗಾರರೂ ಹೌದು, ಸಾಲ ಕೊಟ್ಟವರೂ ಹೌದು. ಮೀನು ಮಾರುವ ಅಕ್ಕನಿಗೆ ಇದನ್ನು ಹೇಳಿದೆ. "ಎಂತ ಮಾರಾಯ್ರೆ, ಸರ್ಕಾರಕ್ಕೂ ನೀವೇ ಸಾಲ ಕೊಡುದಾ?" ಎಂದು ನಕ್ಕು, ಅವತ್ತಿನ ನೂರು ರೂಪಾಯಿ ಕೊಟ್ಟರು.

ಸೇವೆ ಹೇಗಿದೆ ಅಂತ ಕೇಳಿದರೆ, ಐದರಲ್ಲಿ ಮೂರೂವರೆ. ಅಸಲು, ಬಡ್ಡಿ ಎರಡಕ್ಕೂ ಸರ್ಕಾರದ ಜವಾಬ್ದಾರಿ, ಅದಕ್ಕಿಂತ ಗಟ್ಟಿ ಇನ್ನೇನಿದೆ? ಆದರೆ ಇದು ಪಿಗ್ಮಿ ಅಲ್ಲ. ಮಗಳ ಫೀಸಿಗೆ ಅಂತ ನಾಳೆಯೇ ಮುರಿಸಲು ಬರುವುದಿಲ್ಲ. ಹತ್ತು ವರ್ಷ ಕಾಯಬೇಕು, ಇಲ್ಲವೇ ಅವತ್ತಿನ ಮಾರುಕಟ್ಟೆ ದರಕ್ಕೆ ಮಾರಬೇಕು. ಹೊರಗೆ ಬಡ್ಡಿ ಏರಿದ್ದರೆ ಹಾಕಿದ್ದಕ್ಕಿಂತ ಕಮ್ಮಿ ಸಿಗಬಹುದು. ಬಂದ ಬಡ್ಡಿಗೆ ತೆರಿಗೆಯೂ ಇದೆ. ಅಷ್ಟು ದಿನ ಬೇಡ ಅನ್ನುವವರಿಗೆ 91 ದಿನಕ್ಕೇ ಮುಗಿಯುವ ಸರ್ಕಾರಿ ಸಾಲಪತ್ರ, ಟ್ರೆಜರಿ ಬಿಲ್, ಇದೆ, ಮೊದಲ ಸಲಕ್ಕೆ ಅದೇ ವಾಸಿ.

ರಾಜ್ಯ ಸರ್ಕಾರದ ಸಾಲಪತ್ರವೂ ಅಲ್ಲೇ ಸಿಗುತ್ತದೆ. ಮುಂದಿನ ಸಲ ಕರ್ನಾಟಕದ್ದು ಕೊಳ್ಳೋಣ ಎಂದೆ. ಹೆಂಡತಿ ಅಡುಗೆಮನೆಯ ಮೇಲೆ ಒಡೆದ ಹೆಂಚು ತೋರಿಸಿದಳು. ಮಳೆಗೆ ಮುಂಚೆ ಅದು.